ಗಡಾರಿ ಇಳಿದಷ್ಟೇ ನೆಲ

ತೆಂಗಿನ ಸಸಿ ಒಣಗಿದರೆ ಕಾರಣ ಹೇಳುವವರಿಗೆ ನಮ್ಮ ಕಡೆ ಕೊರತೆಯಿಲ್ಲ. ಒಬ್ಬರು ದುಂಬಿ ಅನ್ನುತ್ತಾರೆ, ಒಬ್ಬರು ನೀರು ಸಾಲಲಿಲ್ಲ ಅನ್ನುತ್ತಾರೆ, ಮೂರನೆಯವರು ಬಂದು ನೀರು ಜಾಸ್ತಿಯಾಯಿತು ಅನ್ನುತ್ತಾರೆ. ಬುಡದಲ್ಲಿ ಮಣ್ಣು ಎಷ್ಟು ಆಳ ಇದೆ ಎಂದು ಕೇಳುವವರು ಮಾತ್ರ ಸಿಗುವುದಿಲ್ಲ. ನುಗ್ಗೇಹಳ್ಳಿ ಹೋಬಳಿಯ ಲಕ್ಕಮ್ಮನಂತೂ ಕೇಳಿರಲೇ ಇಲ್ಲ. ಅವಳು ಕಾರಣವನ್ನು ಆಗಲೇ ಕಂಡುಹಿಡಿದಾಗಿತ್ತು. ಆ ಕಾರಣದ ಹೆಸರು ಮುದ್ದಮ್ಮ.

ಲಕ್ಕಮ್ಮನಿಗೂ ಅವಳ ಗಂಡ ಚನ್ನಪ್ಪನಿಗೂ ಊರಿನ ಮೇಲುಗಡೆ ಒಂದೂವರೆ ಎಕರೆ ದಿಣ್ಣೆ ಹೊಲವಿದೆ. ಕೆಮ್ಮಣ್ಣು, ನೋಡುವುದಕ್ಕೆ ಲಕ್ಷಣವಾಗಿದೆ. ಚನ್ನಪ್ಪನ ಅಪ್ಪ ಅಲ್ಲಿ ಹುರುಳಿ, ಹುಚ್ಚೆಳ್ಳು ಬಿಟ್ಟರೆ ಬೇರೇನೂ ಹಾಕುತ್ತಿರಲಿಲ್ಲ. ಸೊಸೆಗೆ ಅದು ಬರೀ ಸೋಮಾರಿತನವಾಗಿ ಕಂಡಿತ್ತು. ಅವಳ ತವರು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಹತ್ತಿರ, ಕಾವೇರಿ ದಂಡೆ. ಅಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಆಳುದ್ದ ಮಣ್ಣು. ಮೇಲೆ ಮಣ್ಣು ಕಂಡರೆ ಕೆಳಗೂ ಮಣ್ಣೇ ಇರುತ್ತದೆ ಎಂದುಕೊಂಡು ಬೆಳೆದವಳು ಅವಳು. ಮದುವೆಯಾಗಿ ಬಂದು ಮೂವತ್ತೆಂಟು ವರ್ಷವಾದರೂ ತವರಿನ ಆ ಲೆಕ್ಕಾಚಾರ ತಲೆಯಿಂದ ಇಳಿದಿರಲಿಲ್ಲ.

ಆ ದಿಣ್ಣೆ ಹೊಲದಲ್ಲಿ ಅವಳು ಎರಡು ಸಲ ತೆಂಗು ಹಾಕಿಸಿದಳು. ಎರಡು ಸಲವೂ ಮೊದಲ ಮಳೆಗಾಲದಲ್ಲಿ ಸಸಿಗಳು ನಗುನಗುತ್ತಾ ಎದ್ದವು, ಮೂರನೇ ಬೇಸಿಗೆಗೆ ಗರಿ ಹಳದಿಯಾಗಿ ಸುಳಿ ಒಣಗಿತು. ಬುಡಕ್ಕೆ ಉಪ್ಪು ಹಾಕಿದಳು. ದುಂಬಿಗೆ ಔಷಧಿ ಇಟ್ಟಳು. ಹನಿ ನೀರಾವರಿ ಪೈಪು ಎಳೆಸಿದಳು. ಹೊಲದ ಮೂಲೆಗೆ ಹಳೇ ಚಪ್ಪಲಿಯನ್ನೂ ಕಟ್ಟಿದಳು. ಯಾವುದೂ ಆಗಿಬರಲಿಲ್ಲ.

ಇನ್ನು ಮುದ್ದಮ್ಮನ ವಿಷಯ. ಮುದ್ದಮ್ಮ ಲಕ್ಕಮ್ಮನ ತವರೂರಿನವಳೇ. ಇಬ್ಬರೂ ಒಂದೇ ಹೊಳೆಯಲ್ಲಿ ಬಟ್ಟೆ ಒಗೆದು ದೊಡ್ಡವರಾದವರು, ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ದಿಣ್ಣೆ ಹೊಲದ ಕೆಳಗಿನ ಬದು ದಾಟಿದರೆ ಮುದ್ದಮ್ಮನ ತೋಟ. ಅಲ್ಲಿ ತೆಂಗು ಕಪ್ಪು ಹಸಿರಾಗಿ ನಿಂತಿವೆ. ಎರಡು ವರ್ಷದ ಹಿಂದೆ, ಎರಡನೇ ಸಲದ ಇಪ್ಪತ್ತು ಸಸಿಗಳು ಇನ್ನೂ ಚೆನ್ನಾಗಿದ್ದಾಗ, ಮುದ್ದಮ್ಮ ಬದುವಿನ ಮೇಲೆ ನಿಂತು, ‘ಚೆನ್ನಾಗವೆ ಕಣೆ ಲಕ್ಕಿ’ ಅಂದಿದ್ದಳು. ಇನ್ನೂ ಏನೋ ಹೇಳುವುದಕ್ಕೆ ಬಾಯಿ ತೆರೆದಿದ್ದಳು. ಲಕ್ಕಮ್ಮ ಮುಖ ತಿರುಗಿಸಿ, ಎಮ್ಮೆ ಹಾಲು ಕರೆಯಬೇಕು ಎಂದುಬಿಟ್ಟಳು. ಮುದ್ದಮ್ಮ ನಾಲ್ಕು ಹೆಜ್ಜೆ ಹೋದದ್ದೇ ತಡ, ಲಕ್ಕಮ್ಮ ಅವಳು ನಿಂತ ಜಾಗದ ಕಾಲುಧೂಳು ಒಂದು ಚಿಟಿಕೆ ತೆಗೆದು ಸೆರಗಿಗೆ ಕಟ್ಟಿಕೊಂಡಳು. ದೃಷ್ಟಿ ತಗುಲಬಾರದೆಂದು ಒಲೆಗೆ ಹಾಕುವುದಕ್ಕೆ. ಅಷ್ಟರಲ್ಲಿ ಮುದ್ದಮ್ಮ ಏನೋ ನೆನಪಾಗಿ ತಿರುಗಿದಳು, ನೋಡಿಬಿಟ್ಟಳು. ಹಾಗೇ ಹೊರಟುಹೋದಳು.

ಮುಂದಿನ ಬೇಸಿಗೆಗೆ ಸಸಿಗಳು ಸತ್ತವು. ಲಕ್ಕಮ್ಮನ ಮನಸ್ಸಿನಲ್ಲಿ ತೀರ್ಪು ಆಗಿಹೋಯಿತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ನಲ್ಲಿ ಹತ್ತಿರ ಎದುರಾದರೆ ಒಬ್ಬಳು ಬಿಂದಿಗೆ ನೋಡುತ್ತಾಳೆ, ಇನ್ನೊಬ್ಬಳು ಆಕಾಶ ನೋಡುತ್ತಾಳೆ.

ಈ ವರ್ಷ ವಿಷಯ ಬೇರೆಯಾಗಿತ್ತು. ತವರಿನ ಹಿತ್ತಲಲ್ಲಿ ಲಕ್ಕಮ್ಮನ ಅವ್ವ ನೆಟ್ಟ ತೆಂಗಿನ ಮರವೊಂದಿತ್ತು. ಅವ್ವ ಹೋಗಿ ಹನ್ನೆರಡು ವರ್ಷವಾದರೂ ಮರ ಕಾಯಿ ಕೊಡುತ್ತಿತ್ತು. ಹೋದ ವರ್ಷ ಅದಕ್ಕೆ ಸಿಡಿಲು ಬಡಿಯಿತು. ಅದಕ್ಕೂ ಮುಂಚಿನ ಕೊಯ್ಲಿನಲ್ಲಿ ತಂದ ಇಪ್ಪತ್ತೈದು ಕಾಯಿಗಳನ್ನು ಲಕ್ಕಮ್ಮ ಮೊಳಕೆಗೆ ಹೂತಿದ್ದಳು. ಹದಿನೆಂಟು ಮೊಳೆತವು. ಬಚ್ಚಲ ಹಿಂದೆ ನೆರಳಿನಲ್ಲಿ ಸಾಲಾಗಿ ನಿಂತಿದ್ದ ಆ ಹದಿನೆಂಟು ಸಸಿಗಳೇ ಈಗ ಅವ್ವನ ಮರದಲ್ಲಿ ಉಳಿದದ್ದು. ಇನ್ನು ಬೇಕೆಂದರೂ ಆ ತಳಿ ಸಿಗುವುದಿಲ್ಲ. ದಿನಾ ಬೆಳಿಗ್ಗೆ ಲಕ್ಕಮ್ಮ ಅವುಗಳನ್ನು ಎಣಿಸಿ ಆಮೇಲೆ ಒಲೆ ಹಚ್ಚುತ್ತಿದ್ದಳು.

ಮೃಗಶಿರಾ ಮಳೆಗೆ ನೆಡುವುದು ಎಂದು ತೀರ್ಮಾನವಾಗಿತ್ತು. ಟ್ರ್ಯಾಕ್ಟರಿಗೆ ಗುಂಡಿ ಕೊರೆಯುವ ಮಿಷನ್ ಕಟ್ಟಿಕೊಂಡು ಓಡಾಡುವ ರಂಗಸ್ವಾಮಿ ಸೋಮವಾರ ಬರುತ್ತೇನೆ ಎಂದಿದ್ದ. ಹೋದ ಸಲ ಒಂದಡಿ ಹೋಗುತ್ತಲೇ ಮಿಷನ್ ಕಿರುಗುಟ್ಟಿ ನಿಂತದ್ದು ಅವನಿಗೆ ನೆನಪಿತ್ತು. ಆಗ ಅವನು ಕಲ್ಲು ಸಿಕ್ಕಿತು ಎಂದರೆ ಲಕ್ಕಮ್ಮ, ಅಷ್ಟು ಸಾಕು ಬಿಡು, ಬೇರು ತಾನೇ ದಾರಿ ಹುಡುಕಿಕೊಳ್ಳುತ್ತದೆ ಎಂದಿದ್ದಳು. ಈ ಸಲ ಅವನು ಇನ್ನೊಂದು ಉಪಾಯ ತೆಗೆದಿದ್ದ. ಮೊದಲು ಜೆಸಿಬಿ ತರಿಸಿ ದಿಣ್ಣೆಯನ್ನು ಹೆರೆದು ಮಟ್ಟ ಮಾಡಿಬಿಡೋಣ, ಆಮೇಲೆ ಗುಂಡಿ. ಲಕ್ಕಮ್ಮ ಅದಕ್ಕೂ ಹೂಂ ಅಂದಿದ್ದಳು.

ಅದರ ಹಿಂದಿನ ಗುರುವಾರ ಸ್ತ್ರೀಶಕ್ತಿ ಸಂಘದ ಸಭೆ. ಸಂಘದ ಗಂಗಾಂಬಿಕೆ ಈಗ ನಮ್ಮ ಪಂಚಾಯಿತಿಯ ಕೃಷಿ ಸಖಿ. ಹಾಗೆಂದರೆ ತರಬೇತಿ ಪಡೆದು, ಹೊಲ ಹೊಲ ತಿರುಗಿ ರೈತರಿಗೆ ತಿಳಿವಳಿಕೆ ಹೇಳುವ ಹೆಣ್ಣುಮಗಳು. ಅವಳ ಗಂಡ ಗೌರೀಶಂಕರ ಮಿಲಿಟರಿಯಲ್ಲಿದ್ದವರು. ಆರು ವರ್ಷ ಅವರ ಜೊತೆ ರಾಜಸ್ಥಾನದ ಜೋಧಪುರದಲ್ಲಿ ಇದ್ದು ಬಂದಿದ್ದಾಳೆ. ಜೆಸಿಬಿ ಮಾತು ಕಿವಿಗೆ ಬಿದ್ದದ್ದೇ ಗಂಗಾಂಬಿಕೆ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟಳು.

‘ಅಕ್ಕ, ಆ ಹೊಲದಲ್ಲಿ ಮಣ್ಣು ಎಷ್ಟು ಆಳ ಐತೆ ಅಂತ ನೋಡಿದ್ದೀರಾ?’

ಲಕ್ಕಮ್ಮನಿಗೆ ಇಂಥ ಪ್ರಶ್ನೆಗೆ ಸಿದ್ಧ ಉತ್ತರವಿತ್ತು. ಮನೆಗೆ ಹೋಗಿ ಮಣ್ಣು ಪರೀಕ್ಷೆಯ ಚೀಟಿ ತಂದು ಮುಂದಿಟ್ಟಳು. ‘ನೋಡು ತಾಯಿ, ಸರ್ಕಾರದೋರೇ ಬರ್ಕೊಟ್ಟವ್ರೆ. ರಂಜಕ ಐತೆ, ಪೊಟ್ಯಾಷ್ ಐತೆ, ಎಲ್ಲಾ ಐತೆ. ಮಣ್ಣಲ್ಲಿ ಏನೂ ತಪ್ಪಿಲ್ಲ. ತಪ್ಪು ಇರಾದು ಕೆಲವರ ಕಣ್ಣಲ್ಲಿ.’ ಕೊನೆಯ ಮಾತನ್ನು ಅವಳು ಮೂಲೆಯಲ್ಲಿ ಕೂತಿದ್ದ ಮುದ್ದಮ್ಮನ ಕಡೆ ನೋಡದೆ, ಆದರೆ ಅವಳಿಗೆ ಕೇಳುವ ಹಾಗೆ ಹೇಳಿದಳು. ಮುದ್ದಮ್ಮ ಎದ್ದು ಹೊರಗೆ ಹೋದಳು.

ಗಂಗಾಂಬಿಕೆ ಚೀಟಿಯನ್ನು ಪೂರ್ತಿ ಓದಿದಳು. ಚೀಟಿ ಸುಳ್ಳಲ್ಲ, ಎಂದಳು. ಆದರೆ ಪರೀಕ್ಷೆಗೆ ಮಣ್ಣು ತೆಗೆಯುವುದು ಮೇಲಿನ ಅರ್ಧ ಅಡಿಯಿಂದ. ಆ ಮಣ್ಣಿನಲ್ಲಿ ಏನೇನು ಸಾರ ಇದೆ ಎನ್ನುವುದು ಅದರಲ್ಲಿ ಬರುತ್ತದೆ. ಅದರ ಕೆಳಗೆ ಇನ್ನು ಎಷ್ಟು ಮಣ್ಣಿದೆ ಎನ್ನುವುದು ಬರುವುದಿಲ್ಲ. ಸಾರು ರುಚಿಯಾಗಿದೆ ಅಂದಮಾತ್ರಕ್ಕೆ ಪಾತ್ರೆ ತುಂಬ ಇದೆ ಅಂತಲ್ಲವಲ್ಲ, ಎಂದು ಕೇಳಿದಳು. ಹೆಂಗಸರು ನಕ್ಕರು. ಲಕ್ಕಮ್ಮ ನಗಲಿಲ್ಲ.

ಆಮೇಲೆ ಗಂಗಾಂಬಿಕೆ ಜೋಧಪುರದ ಕಥೆ ತೆಗೆದಳು. ಅಲ್ಲಿ ನೆಲದಡಿ ಕೆಂಪು ಮರಳುಗಲ್ಲಿನ ಬಂಡೆ. ಎಷ್ಟೋ ಕಡೆ ಅದರ ಮೇಲೆ ಇರುವುದು ಒಂದು ಗೇಣು, ಹೆಚ್ಚೆಂದರೆ ಒಂದು ಮೊಳ ಮಣ್ಣು. ಅದೂ ಬಿಡಿಬಿಡಿಯಾದ ಮರಳು ಮಣ್ಣು, ಹಿಡಿದರೆ ಮುಷ್ಟಿಯಲ್ಲಿ ನಿಲ್ಲುವುದಿಲ್ಲ. ಹುಲ್ಲು ಕಡಿಮೆ, ಹಾಗಾಗಿ ಕೊಳೆತು ಗೊಬ್ಬರವಾಗುವುದೂ ಕಡಿಮೆ. ಕೆಲವು ಕಡೆ ಬಂಡೆಗೂ ಮಣ್ಣಿಗೂ ನಡುವೆ ಸುಣ್ಣದ ಗಟ್ಟಿ ಪದರ ಬೇರೆ. ಮಳೆ ಬಂದರೆ ಒಂದು ಗಂಟೆಯಲ್ಲಿ ನೆನೆದು ತುಂಬಿ ಹರಿಯುತ್ತದೆ, ಹರಿಯುವಾಗ ಇರುವ ಚೂರು ಮಣ್ಣನ್ನೂ ಎಳೆದುಕೊಂಡು ಹೋಗುತ್ತದೆ. ಬಿಸಿಲು ಬಂದರೆ ಎರಡೇ ದಿನಕ್ಕೆ ಒಣಗಿ ಧೂಳು. ಅಲ್ಲಿಯವರು ಅಂಥ ನೆಲದ ಜೊತೆ ಜಗಳ ಆಡುವುದಿಲ್ಲ. ಸಜ್ಜೆ, ಹೆಸರು ಹಾಕುತ್ತಾರೆ, ಎಲಚಿ ಗಿಡ ಬಿಡುತ್ತಾರೆ, ತೀರ ತೆಳು ಇದ್ದರೆ ದನಕ್ಕೆ ಹುಲ್ಲುಗಾವಲು. ಅವಳ ಪಕ್ಕದ ಮನೆಯ ಅಜ್ಜಿ ಮನೆಮುಂದೆ ನಿಂಬೆ ಗಿಡ ನೆಡುವುದಕ್ಕೂ ಮುಂಚೆ ಕಬ್ಬಿಣದ ಸಲಾಕೆ ಇಳಿಸಿ ನೋಡುತ್ತಿದ್ದಳಂತೆ.

‘ಅದು ಮರುಭೂಮಿ ತಾಯಿ. ನಮ್ದು ಚನ್ನರಾಯಪಟ್ಣ ತಾಲ್ಲೂಕು’ ಎಂದಳು ಲಕ್ಕಮ್ಮ.

ಗಂಗಾಂಬಿಕೆ ಒಪ್ಪಿಕೊಂಡಳು. ಇಲ್ಲಿ ಬಂಡೆ ಬೇರೆ, ಕರಿಕಲ್ಲಿನ ಜಾತಿ. ಮಳೆಯೂ ಹೆಚ್ಚು. ಆದರೆ ತೆಳು ಮಣ್ಣಿನ ಗುಣ ಎಲ್ಲಿ ಹೋದರೂ ಅದೇ. ‘ಒಂದು ಗಡಾರಿ ತಗೊಂಡು ಬನ್ನಿ ಅಕ್ಕ, ನಾಳೆ ಹೋಗಿ ನೋಡಾಣ. ನಂದು ತಪ್ಪಾದ್ರೆ ಹದಿನೆಂಟು ಗುಂಡಿನೂ ನಾನೇ ಮುಚ್ತೀನಿ.’

ಆ ಮಾತಿಗೆ ಲಕ್ಕಮ್ಮ ಸಿಕ್ಕಿಬಿದ್ದಳು. ಗಂಗಾಂಬಿಕೆಯ ಕೈಯಲ್ಲಿ ಗುಂಡಿ ಮುಚ್ಚಿಸುವ ಆಸೆ ಅವಳಿಗೆ ಚೆನ್ನಾಗಿಯೇ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಚನ್ನಪ್ಪ ಗಡಾರಿ ಹೊತ್ತು ಮುಂದೆ ನಡೆದ. ಹಿಂದಿನ ಸಂಜೆ ಮಳೆ ಬಿದ್ದು ನೆಲ ಮೆತ್ತಗಿತ್ತು. ಅದು ಒಳ್ಳೆಯದೇ, ಒಣನೆಲದಲ್ಲಿ ಗಟ್ಟಿ ಮಣ್ಣನ್ನೂ ಕಲ್ಲೆಂದು ತಿಳಿಯುವ ಸಂಭವವಿದೆ ಎಂದಳು ಗಂಗಾಂಬಿಕೆ. ಹೊಲದ ನೆತ್ತಿಯಲ್ಲಿ ಚನ್ನಪ್ಪ ಗಡಾರಿ ಎತ್ತಿ ಹಾಕಿದ. ಒಂದು, ಎರಡು, ಮೂರನೇ ಏಟಿಗೆ ಠಣ್ ಎಂದಿತು. ಕೈಗೆ ಜುಮ್ಮೆಂದು ಹತ್ತಿತು. ಗಡಾರಿಗೆ ಮಣ್ಣು ಹತ್ತಿದ ಗುರುತು ಅಳೆದರೆ ಒಂದಡಿ ಎರಡು ಅಂಗುಲ.

ಬಿಡಿ ಕಲ್ಲಿರಬೇಕು, ಆಚೆ ಹಾಕಿ ಎಂದಳು ಲಕ್ಕಮ್ಮ. ಆಚೆ ಹಾಕಿದ. ಅದೇ ಸದ್ದು. ಈಚೆ ಹಾಕಿದ. ಅಲ್ಲಿಯೂ ಅದೇ. ಹತ್ತು ಕಡೆ ಗಡಾರಿ ಇಳಿಸಿದರು. ಕಲ್ಲು ಸಿಕ್ಕಿದಲ್ಲೆಲ್ಲ ಗಂಗಾಂಬಿಕೆ ತಾನು ತಂದಿದ್ದ ಬೂದಿ ಒಂದು ಹಿಡಿ ಸುರಿದು ಗುರುತು ಮಾಡಿದಳು. ಹೊಲದ ಮೇಲ್ಭಾಗ, ನಡುಭಾಗ ಎಲ್ಲ ಕಡೆ ಬೂದಿಯೇ ಆಯಿತು. ಎಲ್ಲೂ ಒಂದೂವರೆ ಅಡಿ ದಾಟಲಿಲ್ಲ. ಅದು ಬಿಡಿ ಕಲ್ಲಲ್ಲ, ಹಾಸುಬಂಡೆ. ಇಡೀ ದಿಣ್ಣೆ ಒಂದೇ ಬಂಡೆಯ ಬೆನ್ನು.

ಲಕ್ಕಮ್ಮ ಇನ್ನೂ ಸೋಲಲಿಲ್ಲ. ಒಂದಡಿ ಮಣ್ಣು ಸಾಲದೇನು, ಬೇರು ಹೇಗೋ ಹೋಗುತ್ತದೆ ಎಂದಳು. ಆಗ ಗಂಗಾಂಬಿಕೆ ಹೋದ ಸಲ ಸತ್ತ ಸಸಿಯ ಮೋಟೊಂದನ್ನು ತೋರಿಸಿ, ಇದನ್ನು ಅಗೆದು ನೋಡೋಣ ಎಂದಳು. ಚನ್ನಪ್ಪ ಸುತ್ತ ಬಿಡಿಸಿ ನಿಧಾನಕ್ಕೆ ಎತ್ತಿದ. ಬೇರುಗಳು ಒಂದಡಿ ನೇರ ಇಳಿದಿದ್ದವು. ಅಲ್ಲಿಂದ ತಟ್ಟನೆ ಅಡ್ಡ ತಿರುಗಿ, ಹೆಂಚಿನ ಮೇಲೆ ತಟ್ಟಿದ ರೊಟ್ಟಿಯ ಹಾಗೆ ಚಪ್ಪಟೆಯಾಗಿ ನಾಲ್ಕೂ ಕಡೆ ಹರಡಿದ್ದವು. ಕೆಲವು ಸುತ್ತಿ ಸುತ್ತಿ ಮತ್ತೆ ಮೇಲಕ್ಕೇ ಬಂದಿದ್ದವು. ಕೆಳಭಾಗ ಪೂರ್ತಿ ಸುಟ್ಟು ಕಪ್ಪಾಗಿತ್ತು.

‘ನೀರು ಹುಡುಕ್ಕೊಂಡು ಹೋಗವೆ ಅಕ್ಕ, ದಾರಿ ಇರ್ಲಿಲ್ಲ’ ಎಂದಳು ಗಂಗಾಂಬಿಕೆ.

ಲಕ್ಕಮ್ಮ ಆ ಬೇರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ದುಂಬಿ ತಿಂದ ಗುರುತಿಲ್ಲ. ರೋಗವಿಲ್ಲ. ಎರಡು ವರ್ಷ ಆ ಗಿಡ ಬಂಡೆಯ ಮೇಲೆ ತಡಕಾಡಿ ತಡಕಾಡಿ ಸತ್ತಿತ್ತು. ತಾನು ಮಾಡಿದ್ದೇನು? ಒಂದು ಚಿಟಿಕೆ ಕಾಲುಧೂಳು ಒಲೆಗೆ ಹಾಕಿ, ಕೂಡಿ ಬೆಳೆದವಳ ಜೊತೆ ಮಾತು ಬಿಟ್ಟದ್ದು. ಲಕ್ಕಮ್ಮನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಸೋಮವಾರ ಈ ಬಂಡೆಯ ಮೇಲೇ ಅವ್ವನ ಹದಿನೆಂಟು ಸಸಿಗಳನ್ನು ನಿಲ್ಲಿಸುವುದಿತ್ತು.

ನೀರು ಹೆಚ್ಚು ಬಿಟ್ಟರೆ ಹೇಗೆ ಎಂದು ಚನ್ನಪ್ಪ ಕೇಳಿದ. ಪ್ರಯೋಜನವಿಲ್ಲ ಎಂದಳು ಗಂಗಾಂಬಿಕೆ. ನೀರು ಇಳಿದು ಬಂಡೆ ಮುಟ್ಟಿ, ಇಳಿಜಾರಿನಲ್ಲಿ ಅಡ್ಡ ಹರಿದು ಹೋಗುತ್ತದೆ. ಮಳೆಗಾಲದಲ್ಲಿ ಬೇರು ಕೊಳೆಯುವಷ್ಟು ನೀರು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಂಡೆ ಕಾದು ಬೇರು ಬೇಯುತ್ತದೆ. ರಸಗೊಬ್ಬರ ಹೆಚ್ಚು ಹಾಕಿದರೆ ಇಷ್ಟೇ ಮಣ್ಣಿನಲ್ಲಿ ಅದು ಬೇರನ್ನೇ ಸುಡುತ್ತದೆ. ಮಟ್ಟ ಮಾಡಿದರೆ ಹೇಗೆ ಎಂದು ಅವನು ಮತ್ತೆ ಕೇಳಿದ.

ಗಂಗಾಂಬಿಕೆ ಈ ಸಲ ಸ್ವಲ್ಪ ಗಟ್ಟಿಯಾಗಿಯೇ ಹೇಳಿದಳು. ‘ಇರಾದೇ ಒಂದಡಿ. ಅದ್ನ ಹೆರೆದು ಗುಡ್ಡೆ ಹಾಕಿದ್ರೆ ಬಂಡೆ ಮೇಲೆ ಬತ್ತದೆ. ಆಮೇಲೆ ಹುರುಳಿನೂ ಬೆಳಿಯಲ್ಲ ಅಣ್ಣ. ಈ ಮಣ್ಣು ಆಗಕ್ಕೆ ಎಷ್ಟು ತಲೆಮಾರು ಹಿಡೀತೋ ಯಾರ್ಗೂ ಗೊತ್ತಿಲ್ಲ. ಜೆಸಿಬಿಗೆ ಅರ್ಧ ದಿನ ಸಾಕು.’

ಚನ್ನಪ್ಪ ಅಲ್ಲೇ ನಿಂತು ರಂಗಸ್ವಾಮಿಗೆ ಫೋನು ಮಾಡಿ, ಜೆಸಿಬಿ ಬೇಡ ಎಂದ. ಅಪ್ಪ ಹುರುಳಿ ಬಿಟ್ಟು ಬೇರೆ ಯಾಕೆ ಹಾಕುತ್ತಿರಲಿಲ್ಲ ಎನ್ನುವುದು ಅವನಿಗೆ ಅರವತ್ತೆರಡನೇ ವಯಸ್ಸಿನಲ್ಲಿ ಹೊಳೆಯಿತು.

ಹಾಗಾದರೆ ಸಸಿಗಳನ್ನು ಎಲ್ಲಿ ನೆಡುವುದು? ಗಂಗಾಂಬಿಕೆ ಇಳಿಜಾರಿನಲ್ಲಿ ಕೆಳಗೆ ನಡೆದಳು. ಮುದ್ದಮ್ಮನ ಬದುವಿನ ಹತ್ತಿರ ಗಡಾರಿ ಹಾಕಿಸಿದಳು. ಇಳಿಯಿತು. ಮತ್ತೂ ಇಳಿಯಿತು. ನಾಲ್ಕೂವರೆ ಅಡಿಯವರೆಗೂ ಸದ್ದಿಲ್ಲ. ಬದುವಿನ ಉದ್ದಕ್ಕೂ ಎರಡು ಮಾರು ಅಗಲದ ಪಟ್ಟಿಯಲ್ಲಿ ಆಳದ ಮಣ್ಣಿತ್ತು. ಅದೂ ಲಕ್ಕಮ್ಮನ ಹೊಲದ್ದೇ. ಪ್ರತಿ ಮಳೆಗೂ ದಿಣ್ಣೆಯಿಂದ ಜಾರಿದ ಮಣ್ಣು ಈ ಬದುವಿಗೆ ಬಂದು ತಡೆದು ನಿಂತಿತ್ತು. ಬದು ಇಲ್ಲದಿದ್ದರೆ ಅದೆಲ್ಲ ಹಳ್ಳ ಸೇರುತ್ತಿತ್ತು.

ಆ ಬದುವಿಗೆ ಪ್ರತಿ ವರ್ಷ ಕಲ್ಲು ಕಟ್ಟಿ ಎತ್ತರಿಸುತ್ತಿದ್ದವಳು ಮುದ್ದಮ್ಮ. ನಮ್ಮ ಕಡೆಗೆ ಒತ್ತಿಕೊಂಡು ಬರುತ್ತಿದ್ದಾಳೆ ಎಂದು ಲಕ್ಕಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದಳು.

ಇನ್ನೊಂದು ತೊಡಕಿತ್ತು. ನಮ್ಮ ಕಡೆ ಬದುವಿನಿಂದ ಎರಡು ಮಾರು ಬಿಡದೆ ತೆಂಗು ನೆಡುವಂತಿಲ್ಲ. ಗರಿ ಪಕ್ಕದವರ ಬೆಳೆಗೆ ನೆರಳು ಹಾಕುತ್ತದೆ, ಕಾಯಿ ಪಕ್ಕದವರ ತಲೆ ಮೇಲೆ ಬೀಳುತ್ತದೆ. ಕಾಗದದಲ್ಲಿ ಬರೆದ ಕಾನೂನಲ್ಲ, ಊರಿನ ಕಟ್ಟುಪಾಡು. ಆಳದ ಮಣ್ಣು ಇರುವುದೇ ಎರಡು ಮಾರು. ಅದರಲ್ಲಿ ನೆಡಬೇಕೆಂದರೆ ಬದುವಿನ ಆಚೆಯವರು ಒಪ್ಪಬೇಕು. ಲಕ್ಕಮ್ಮನಿಗೆ ಆ ದಿನವೆಲ್ಲ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಒಂದು ಸಸಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮುದ್ದಮ್ಮನ ಮನೆಗೆ ಹೋದಳು. ಮುದ್ದಮ್ಮ ಜಗಲಿಯಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದಳು. ಬಾ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಲಕ್ಕಮ್ಮ ಎದುರಿಗೆ ಕೂತಳು. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು.

‘ಮುದ್ದಿ, ನಿನ್ನ ದೃಷ್ಟಿ ಅಲ್ಲ ಕಣೆ. ಕೆಳಗೆ ಬಂಡೆ ಐತೆ.’

ಮುದ್ದಮ್ಮ ಬೀಜ ಬಿಡಿಸುತ್ತಲೇ ಇದ್ದಳು. ‘ನಂಗೊತ್ತು’ ಎಂದಳು. ‘ನಮ್ಮನೆಯೋರು ಇದ್ದಾಗ ಬದು ಕಟ್ಟಕ್ಕೆ ಕಲ್ಲು ಎಬ್ಬಿಸ್ತಿದ್ದಿದ್ದೇ ಆ ಬಂಡೆ ಅಂಚಿಂದ. ಅವತ್ತು ಅದ್ನೇ ಯೋಳಣ ಅಂತ ಬಂದಿದ್ದೆ. ಚೆನ್ನಾಗವೆ ಕಣೆ ಲಕ್ಕಿ, ಆದ್ರೆ ಕೆಳಗೆ ಬಂಡೆ ಐತೆ, ಸಣ್ಣವಾಗಿದ್ದಂಗೇ ಕಿತ್ತು ಈ ಕಡೆ ಬದೀಗೆ ಆಕು ಅಂತ. ಅರ್ಧ ಯೋಳ್ದೆ. ಮಿಕ್ಕಿದ್ದು ಯೋಳಣ ಅಂತ ತಿರುಗಿದ್ರೆ ನೀನು ನನ್ನ ಕಾಲ್ದೂಳಿ ಎತ್ತುತಾ ಇದ್ದೆ.’

ಲಕ್ಕಮ್ಮನಿಗೆ ಅಳು ಬಂತು. ತಡೆಯಲೂ ಇಲ್ಲ. ಇಪ್ಪತ್ತು ಸಸಿ, ಎರಡು ವರ್ಷ, ಒಂದು ಸ್ನೇಹ, ಎಲ್ಲವೂ ಆ ಉಳಿದರ್ಧ ಮಾತಿನಲ್ಲಿ ಇದ್ದವು. ಕೇಳಿಸಿಕೊಂಡಿದ್ದರೆ ಸಾಕಾಗಿತ್ತು.

ಮುದ್ದಮ್ಮ ಸಸಿಯನ್ನು ಹತ್ತಿರ ಎಳೆದುಕೊಂಡು ಅದರ ಗರಿ ಸವರಿದಳು. ಇದು ನಿಮ್ಮವ್ವನ ಮರದ್ದಾ ಎಂದು ಕೇಳಿದಳು. ಆ ಮರದ ಎಳನೀರು ಅವಳೂ ಕುಡಿದಿದ್ದಳು. ಬಾಣಂತನಕ್ಕೆ ತವರಿಗೆ ಹೋದಾಗ ಲಕ್ಕಮ್ಮನ ಅವ್ವ ದಿನಾ ಒಂದು ಕಾಯಿ ಕಳಿಸುತ್ತಿದ್ದುದು ಅವಳಿಗೆ ನೆನಪಿತ್ತು. ಬದುವಿಗೆ ಒಂದು ಮಾರು ಬಿಟ್ಟು ಆಕ್ಕೊ, ನಾನೇನೂ ಅನ್ನಲ್ಲ ಎಂದಳು. ಆಮೇಲೆ ಕಣ್ಣೊರೆಸಿಕೊಂಡು, ‘ಈ ಕಡೆ ಬಿದ್ದ ಕಾಯಿ ಮಾತ್ರ ನಂದು ಕಣೆ’ ಎಂದು ಸೇರಿಸಿದಳು.

ಸೋಮವಾರ ರಂಗಸ್ವಾಮಿ ಬರೀ ಗುಂಡಿ ಮಿಷನ್ ತಂದ. ಬದುವಿನ ಉದ್ದಕ್ಕೂ ಒಂಬತ್ತು ಗುಂಡಿ, ಒಂದೊಂದೂ ಮೂರಡಿ. ಮಿಷನ್ ಎಲ್ಲೂ ಕಿರುಗುಟ್ಟಲಿಲ್ಲ. ಹಿತ್ತಲಲ್ಲಿ ಗಡಾರಿ ಇಳಿಸಿ ನೋಡಿ ಎರಡು. ಉಳಿದ ಏಳು ಸಸಿಗಳನ್ನು ಲಕ್ಕಮ್ಮ ಮುದ್ದಮ್ಮನ ತೋಟದಲ್ಲಿ ಹಳೇ ಮರ ಬಿದ್ದ ಜಾಗಗಳಲ್ಲಿ ತಾನೇ ನಿಂತು ನೆಡಿಸಿದಳು. ದಿಣ್ಣೆಯ ಮೇಲೆ ಇಳಿಜಾರಿಗೆ ಅಡ್ಡಲಾಗಿ ಉತ್ತು, ಚನ್ನಪ್ಪ ಮುಂಗಾರಿಗೆ ಹುಚ್ಚೆಳ್ಳು, ಹಿಂಗಾರಿಗೆ ಹುರುಳಿ ಎಂದು ಇಟ್ಟುಕೊಂಡ. ನಡುವೆ ಎರಡು ಕಡೆ ಕಲ್ಲಿನ ಬದು ಹಾಕಿ, ಅದರ ಮಗ್ಗುಲಿಗೆ ಸೀತಾಫಲ ಕೂರಿಸಿದ. ಕಲ್ಲು ಹೊರುವುದಕ್ಕೆ ಮುದ್ದಮ್ಮನೂ ಬಂದಳು. ಈಗ ನಲ್ಲಿ ಹತ್ತಿರ ಇಬ್ಬರ ಮಾತು ಮುಗಿಯುವಷ್ಟರಲ್ಲಿ ಬಿಂದಿಗೆ ತುಂಬಿ ಹರಿಯುತ್ತಿರುತ್ತದೆ.

ಈಗ ನಿಮ್ಮ ಮಾತಿಗೆ ಬರೋಣ. ನಿಮ್ಮ ಮನೆಯ ಮೂಲೆಯಲ್ಲೂ ಒಂದು ಗಡಾರಿ ನಿಂತಿರುತ್ತದೆ. ತೆಂಗೋ, ಮಾವೋ, ಹಲಸೋ, ಯಾವ ಮರ ನೆಡುವುದಕ್ಕೂ ಮುಂಚೆ, ಒಂದು ಮಳೆಯಾದ ಮಾರನೇ ದಿನ ಅದನ್ನು ಹೊತ್ತು ಹೊಲಕ್ಕೆ ಹೋಗಿ. ಒಂದು ಕಡೆ ನೋಡಿ ಬರಬೇಡಿ, ಹತ್ತು ಕಡೆ ಇಳಿಸಿ. ನಾಲ್ಕಡಿ ಇಳಿದರೆ ಧೈರ್ಯವಾಗಿ ಮರ ನೆಡಿ. ಒಂದಡಿಗೇ ಠಣ್ ಎಂದರೆ ಅಲ್ಲಿ ಹುರುಳಿ, ಹುಚ್ಚೆಳ್ಳು, ಮೇವು ಹಾಕಿ, ಕಲ್ಲಿನ ಬದು ಕಟ್ಟಿ. ಕೆರೆಯ ಗೋಡುಮಣ್ಣು ಸಿಕ್ಕರೆ ತಂದು ಹರಡಿ. ಇರುವ ಮಣ್ಣನ್ನು ಮಾತ್ರ ಯಾವ ಮಿಷನ್ನಿಗೂ ಹೆರೆಯಲು ಬಿಡಬೇಡಿ. ಅನುಮಾನವಿದ್ದರೆ ನಿಮ್ಮ ಪಂಚಾಯಿತಿಯ ಕೃಷಿ ಸಖಿಯನ್ನೋ ರೈತ ಸಂಪರ್ಕ ಕೇಂದ್ರದವರನ್ನೋ ಹೊಲಕ್ಕೇ ಕರೆದು ತೋರಿಸಿ.

ಮತ್ತೆ, ಬದುವಿನ ಆಚೆ ನಿಂತವರು ಏನಾದರೂ ಹೇಳಲು ಬಾಯಿ ತೆರೆದರೆ, ಪೂರ್ತಿ ಕೇಳಿಸಿಕೊಳ್ಳಿ.